ದಸರೆ ಮುಗಿದ ಮರುದಿನ ಬರುತ್ತಿದ್ದ ಕಾಕಾ

ಫೋನು ಎತ್ತಿದ ಕೂಡಲೇ ಅವರು ಹಲೋ ಅನ್ನುತ್ತಿರಲಿಲ್ಲ. "ಒಬ್ಬರಿಗೋ, ಎಲ್ಲಾರಿಗೋ?" ಅನ್ನುತ್ತಿದ್ದರು. ನಮ್ಮ ಲ್ಯಾಬಿನಿಂದ ಫೋನು ಬಂದಿದೆ ಅಂದರೆ ಕಂಪ್ಯೂಟರು ಕೈಕೊಟ್ಟಿದೆ, ಸುಖದುಃಖ ಕೇಳಲು ಯಾರೂ ಮಾಡಿಲ್ಲ ಅನ್ನುವುದು ಅವರಿಗೆ ಗೊತ್ತಿತ್ತು. ತೊಂದರೆ ಒಂದೇ ಕೌಂಟರಿನಲ್ಲಿದ್ದರೆ ತಪ್ಪು ಆ ಕೌಂಟರಿನದು, ಎಲ್ಲ ಕಡೆಯೂ ಇದ್ದರೆ ಎಲ್ಲ ಕೌಂಟರುಗಳ ಲೆಕ್ಕ ಇಟ್ಟುಕೊಂಡು ಒಳಕೋಣೆಯಲ್ಲಿ ಕೂತ ಸರ್ವರಿನದು. ಅಷ್ಟು ತಿಳಿದುಕೊಂಡು, "ಯಾರೂ ಏನೂ ಮುಟ್ಟಬ್ಯಾಡ್ರಿ, ಬರ್ತೇನಿ" ಎಂದು ಫೋನು ಇಟ್ಟುಬಿಡುತ್ತಿದ್ದರು.

ಅವರು ತೀರಿಕೊಂಡು ಇನ್ನೂ ತಿಂಗಳು ತುಂಬಿಲ್ಲ. ಹೆಸರು ಬರೆಯುವುದಿಲ್ಲ. ಬರೆದಿದ್ದರೆ ಅವರಿಗೇನೋ ಸೇರುತ್ತಿತ್ತು, ಹೊಗಳಿಸಿಕೊಳ್ಳುವುದೆಂದರೆ ಅವರಿಗೆ ಹೋಳಿಗೆಗಿಂತ ರುಚಿ. ಆದರೆ ಅವರ ಮನೆಯವರ ಕಣ್ಣಿಗೆ ಇದು ಬೀಳಬಾರದು. ಯಾಕೆಂದು ಮುಂದೆ ಓದಿದರೆ ನಿಮಗೇ ತಿಳಿಯುತ್ತದೆ. ಲ್ಯಾಬಿನಲ್ಲಿ ಎಲ್ಲರೂ ಅವರನ್ನು ಕಾಕಾ ಅನ್ನುತ್ತಿದ್ದೆವು, ಇಲ್ಲಿಯೂ ಹಾಗೇ ಇರಲಿ.

ನಮ್ಮದು ಗೋಕುಲ ರಸ್ತೆಯಲ್ಲಿ ರಕ್ತ, ಮೂತ್ರ ತಪಾಸಣೆ ಮಾಡುವ ಲ್ಯಾಬು. ನಾನು ಕೂರುವುದು ಹೆಸರು ಬರೆಸುವ ಕೌಂಟರಿನಲ್ಲಿ. ಆಗ ಪ್ರತಿ ಕೌಂಟರಿನ ಕಂಪ್ಯೂಟರಿನಲ್ಲೂ ಒಂದು ಪ್ರೋಗ್ರಾಮು, ಅದನ್ನು ತೆರೆದು ಹೆಸರು, ವಯಸ್ಸು ಹಾಕಿದರೆ ಎಲ್ಲ ಹೋಗಿ ಒಳಕೋಣೆಯ ಸರ್ವರಿನಲ್ಲಿದ್ದ ಡೇಟಾಬೇಸು ಎಂಬ ದೊಡ್ಡ ಕಡತದಲ್ಲಿ ಕೂರುತ್ತಿತ್ತು. ರಿಪೋರ್ಟು ಬರುತ್ತಿದ್ದುದೂ ಅಲ್ಲಿಂದಲೇ. ನಡುವಿನ ದಾರಿ ಕಡಿದರೆ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಉದ್ದನೆಯದೊಂದು ದೂರು ಮೂಡುತ್ತಿತ್ತು, ಆಮೇಲೆ ನಾವು ಕೈಕಟ್ಟಿ ಕೂರಬೇಕಿತ್ತು. ಎದುರಿಗೆ ಸಕ್ಕರೆ ತಪಾಸಣೆಗೆಂದು ಬೆಳಗಿನಿಂದ ನೀರೂ ಕುಡಿಯದೆ ಬಂದವರ ಸಾಲು. ಹಸಿದವರ ಬಾಯಿಂದ ಎಂಥ ಮಾತು ಬರುತ್ತದೆ ಅನ್ನುವುದನ್ನು ಆ ಕುರ್ಚಿಯಲ್ಲಿ ಕೂತವರೇ ಬಲ್ಲರು.

ಕಾಕಾ ರಿಪೇರಿಗೆ ಬರುತ್ತಿದ್ದುದು ಧಾರವಾಡದ ಕೆಲಗೇರಿಯಿಂದ. ಹುಟ್ಟೂರು ಉಪ್ಪಿನಬೆಟಗೇರಿ ಎಂದು ಹೇಳುವಾಗ ಅವರ ಎದೆ ಸ್ವಲ್ಪ ಉಬ್ಬುತ್ತಿತ್ತು. ಹಣೆಗೆ ವಿಭೂತಿ, ಮೈಗೆ ಗೆರೆ ಬೀಳದ ಇಸ್ತ್ರಿ ಅಂಗಿ. ಕೆಟ್ಟು ನಿಂತ ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಮುಖ ನೋಡಿಕೊಂಡು ಮೊದಲು ತಲೆ ಬಾಚುತ್ತಿದ್ದರು. ನಾವಿಲ್ಲಿ ಬೈಸಿಕೊಂಡು ಸಾಯುತ್ತಿದ್ದರೆ ಇವರದು ಈ ಶೃಂಗಾರ. ಚಹಾ ಕೊಟ್ಟರೆ ಮುಟ್ಟುತ್ತಿರಲಿಲ್ಲ. "ಕೆಲಸ ಆದಮ್ಯಾಲೆ" ಅನ್ನುತ್ತಿದ್ದರು. ಕೆಲಸ ಆದ ಮೇಲೆ ತಡವಾಗಿ ಕೊಟ್ಟರೆ ಮುನಿಸಿಕೊಳ್ಳುತ್ತಿದ್ದರು. ರಿಪೇರಿ ಮಾಡುವಾಗ ನಾಲ್ಕು ಮಂದಿ ಸುತ್ತ ನಿಂತು ನೋಡಬೇಕು, ಯಾರೂ ಇಲ್ಲದಿದ್ದರೆ ಕರೆದು ನಿಲ್ಲಿಸಿಕೊಳ್ಳುತ್ತಿದ್ದರು.

ಅವರದೊಂದು ಕಟ್ಟಳೆ ಇತ್ತು. ಪರದೆಯ ಮೇಲೆ ಬಂದದ್ದನ್ನು ನಾವು ಗಟ್ಟಿಯಾಗಿ, ಒಂದಕ್ಷರ ಬಿಡದೆ ಓದಿ ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು, "ಏನೋ ಎರರ್ ಬಂದೈತ್ರಿ ಕಾಕಾ" ಅಂದಿದ್ದೆ.

"ಏನೋ ಅಂತ ಯಾವ ಕಂಪ್ಯೂಟರೂ ಬರಿಯೂದಿಲ್ಲ ತಂಗಿ. ಓದು."

ಓದಿದೆ. ನನ್ನ ಇಂಗ್ಲಿಷು ಅಷ್ಟಕ್ಕಷ್ಟೇ, ತಡವರಿಸಿದಾಗಲೆಲ್ಲ ಮತ್ತೆ ಮೊದಲಿನಿಂದ ಓದಿಸಿದರು. ಸಾಲಿನಲ್ಲಿದ್ದ ಹಿರಿಯರೊಬ್ಬರು, "ಏನ್ರಿ, ಮಷಿನ್ನಿಗೆ ಮಂತ್ರ ಹಾಕಾಕತ್ತೀರೇನು?" ಎಂದು ಕೇಳಿದರು. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು, ಒಂದು ವಾರ ಅವರೊಂದಿಗೆ ನೆಟ್ಟಗೆ ಮಾತಾಡಲಿಲ್ಲ. ಅವರಿಗದು ಗೊತ್ತೂ ಆಗಲಿಲ್ಲ.

ಆದರೆ ಕಲಿಸುವುದಕ್ಕೆ ಕೂತರೆ ಅವರಷ್ಟು ಹಗುರಾಗಿ ಹೇಳುವವರನ್ನು ನಾನು ಕಂಡಿಲ್ಲ. "ನೋಡು, ನೀ ಒಬ್ಬರ ಮನಿಗೆ ಹೋಗೀದಿ ಅಂತ ತಿಳಕೋ. ಮೊದಲ ಅಲ್ಲೆ ಮನಿ ಐತೋ ಇಲ್ಲೋ ನೋಡು. ಇದ್ರ, ಬಾಗಲಾ ತೆರದೈತೋ ನೋಡು. ತೆರದಿದ್ರ, ಒಳಗಿನವರು ನಿನ್ನ ಗುರ್ತಾ ಹಿಡೀತಾರೋ ನೋಡು. ಗುರ್ತಾ ಹಿಡದೂ ಕುಂದ್ರು ಅನ್ನಲಿಲ್ಲಂದ್ರ, ಆ ಮನ್ಯಾಗ ನಿನಗ ಅಧಿಕಾರ ಇಲ್ಲ ಅಂತ. ಇಷ್ಟ. ಇದರ ಹೊರತು ಇನ್ನೊಂದಿಲ್ಲ." ಸರ್ವರು ಎದ್ದಿದೆಯೇ, ಅದರೊಳಗಿನ ಡೇಟಾಬೇಸು ಎದ್ದಿದೆಯೇ, ಹೆಸರು, ಗುಪ್ತಪದ ಸರಿಯಿದೆಯೇ, ಪರವಾನಗಿ ಇದೆಯೇ. ಈ ಮೆಟ್ಟಿಲುಗಳನ್ನು ಅವರು ಯಾವತ್ತೂ ಹಿಂದೆಮುಂದೆ ಮಾಡಿದವರಲ್ಲ. ತಪ್ಪು ನಡುವಿನ ಮೆಟ್ಟಿಲಿನದು ಎಂದು ಗೊತ್ತಿದ್ದರೂ ಮೊದಲಿನಿಂದಲೇ ಏರಿ ಬರುತ್ತಿದ್ದರು. ಡಾಕ್ಟರು ಅವಸರ ಮಾಡಿದರೆ, "ನೀವು ನಾಡಿ ನೋಡಲಾರದ ಗುಳಿಗಿ ಕೊಡ್ತೀರೇನ್ರಿ?" ಅನ್ನುತ್ತಿದ್ದರು. ಲ್ಯಾಬಿನ ಒಡೆಯರಾದ ಡಾಕ್ಟರಿಗೆ ಹಾಗನ್ನುವ ಧೈರ್ಯ ನಮ್ಮಲ್ಲಿ ಬೇರೆ ಯಾರಿಗೂ ಇರಲಿಲ್ಲ. ಡಾಕ್ಟರು ನಕ್ಕು ಹೊರಗೆ ಹೋಗಿ ನಿಲ್ಲುತ್ತಿದ್ದರು.

ವರ್ಷಕ್ಕೊಮ್ಮೆ ಮಾತ್ರ ನಾವು ಫೋನು ಮಾಡುವ ಮೊದಲೇ ಅವರು ಹೊರಟು ಬರುತ್ತಿದ್ದರು. ದಸರೆ ಮುಗಿದ ಮರುದಿನ.

ನಮ್ಮ ಕಡೆ ಖಂಡೆ ಪೂಜೆ ಎಂದರೆ ಅನ್ನ ಕೊಡುವ ಎಲ್ಲಕ್ಕೂ ಪೂಜೆ. ಬಡಿಗನ ಉಳಿಗೆ, ರೈತನ ಕುಂಟೆಗೆ, ಬಸ್ಸಿಗೆ, ಸ್ಕೂಟರಿಗೆ. ನಮ್ಮ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕಕ್ಕೆ, ರಕ್ತ ತಿರುಗಿಸುವ ಮಷಿನ್ನಿಗೆ, ಮತ್ತು ಸರ್ವರಿಗೆ. ಡಾಕ್ಟರ ತಾಯಿಯವರು ಒಳಕೋಣೆಯ ಇಕ್ಕಟ್ಟಿನಲ್ಲಿ ಪೂಜೆ ಮಾಡಲು ಒಪ್ಪುತ್ತಿರಲಿಲ್ಲ. "ದೇವರನ್ನ ಮೂಲ್ಯಾಗ ಕುಂದರಸ್ತಾರೇನು?" ಅನ್ನುತ್ತಿದ್ದರು. ಹೀಗಾಗಿ ಸರ್ವರಿನ ವಾಯರುಗಳನ್ನೆಲ್ಲ ಬಿಚ್ಚಿ, ಹೊತ್ತು ತಂದು, ಲ್ಯಾಬಿನ ನಡುಮನೆಯಲ್ಲಿ ಮಣೆಯ ಮೇಲೆ ಕೂರಿಸಿ, ಕುಂಕುಮ ಹಚ್ಚಿ, ಚಂಡುಹೂವಿನ ಮಾಲೆ ಹಾಕಿ ಕಾಯಿ ಒಡೆಯುತ್ತಿದ್ದೆವು. ಸಂಜೆ ಮತ್ತೆ ಒಳಗಿಟ್ಟು, ಯಾವ ವಾಯರು ಎಲ್ಲಿತ್ತೋ ನೆನಪಿದ್ದಷ್ಟು ಸಿಕ್ಕಿಸಿ ಮನೆಗೆ ಹೋಗುತ್ತಿದ್ದೆವು. ಮರುದಿನ ಬನ್ನಿ ಹಬ್ಬದ ರಜೆ. ಅದರ ಮರುದಿನ ಬಾಗಿಲು ತೆರೆದರೆ ಏನಾದರೊಂದು ಕೆಟ್ಟಿರಲೇಬೇಕು.

ಒಂದು ವರ್ಷ ನೆಟ್‌ವರ್ಕಿನ ವಾಯರನ್ನು ಸಿಕ್ಕಿಸಿಯೇ ಇರಲಿಲ್ಲ, ಸರ್ವರಿನ ಹಿಂದೆ ಜೋತಾಡುತ್ತಿತ್ತು. ಅದನ್ನು ಅವರು ಬಾಗಿಲಲ್ಲಿ ನಿಂತೇ ಕಂಡುಹಿಡಿದಿದ್ದರು. ಇನ್ನೊಂದು ವರ್ಷ ಎಲ್ಲ ಸರಿಯಿದ್ದೂ ನಡೆಯಲಿಲ್ಲ. ಕಾಕಾ ನೋಡಿ, "ಒಂದಿನ ಕಣ್ಣ ಮುಚ್ಚಿ ಎದ್ದೈತಲ್ಲ, ಸರ್ವರಿಗೆ ಹೊಸ ನಂಬರ್ ಸಿಕ್ಕೈತಿ. ಮನಿ ಬದ್ಲಿ ಮಾಡೈತಿ. ನೀವು ಹಳೇ ಮನಿ ಬಾಗಲಾ ಬಡಿಯಾಕತ್ತೀರಿ" ಎಂದರು. ಆ ನಂಬರು ಇನ್ನೆಂದೂ ಬದಲಾಗದಂತೆ ಕಟ್ಟಿಹಾಕಿ, ಇನ್ನು ಚಿಂತೆಯಿಲ್ಲ ಎಂದು ಹೋದರು. ಮುಂದಿನ ದಸರೆಗೆ ವಾಯರು ಸಿಕ್ಕಿಸುವ ತೂತಿನಲ್ಲಿ ಚಂಡುಹೂವಿನ ಎಸಳು ಹೊಕ್ಕು ಕೂತಿತ್ತು. ಚಿಮಟದಿಂದ ಅದನ್ನು ತೆಗೆದು, ಕಣ್ಣಿಗೊತ್ತಿಕೊಂಡು, ಜೇಬಿಗೆ ಹಾಕಿಕೊಂಡರು.

ಸರ್ವರನ್ನು ಅಲ್ಲಾಡಿಸದೆ ಒಳಗೇ ಪೂಜೆ ಮಾಡಿ ಎಂದು ಒಂದು ಮಾತು ಡಾಕ್ಟರ ತಾಯಿಗೆ ಹೇಳಬಾರದೇ ಎಂದು ನಾನೇ ಕೇಳಿದ್ದೆ. "ಯಾಕ ಹೇಳ್ಲಿ? ವರ್ಷಾ ಪೂರ್ತಿ ನಿದ್ದಿಲ್ಲದ ದುಡಿತೈತಿ. ಒಂದಿನ ಅದೂ ಹೊರಗ ಬಂದು ನಾಕು ಮಂದಿ ಮುಖಾ ನೋಡಲಿ" ಅಂದರು.

ದಸರೆಯ ಮರುದಿನ ಬರುವಾಗ ಅವರ ಜೇಬಿನ ತುಂಬ ಬನ್ನಿ ಎಲೆ ಇರುತ್ತಿತ್ತು, ಕೈಯಲ್ಲಿ ಹೆಂಡತಿ ಕೊಟ್ಟು ಕಳಿಸಿದ ಶೇಂಗಾ ಹೋಳಿಗೆಯ ಡಬ್ಬಿ. ಸಾಲಿನಲ್ಲಿ ಮಂದಿ ಹಸಿದು ಕೂಗಾಡುತ್ತಿದ್ದರೂ ಮೊದಲು ನಮಗೆಲ್ಲ ಬನ್ನಿ ಕೊಡುತ್ತಿದ್ದರು, ಆಮೇಲೆ ಸಾಲಿನಲ್ಲಿ ನಿಂತವರಿಗೂ. "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ" ಎಂದು ಒಬ್ಬೊಬ್ಬರ ಕೈಗೂ ಎಲೆಯಿಟ್ಟು ನಮಸ್ಕಾರ ಮಾಡಿದರೆ, ಬೈಯಲು ಬಾಯಿ ತೆರೆದವರೂ ಮುಚ್ಚುತ್ತಿದ್ದರು. ನಾನು ಅವರ ಕಾಲಿಗೆ ನಮಸ್ಕಾರ ಮಾಡುತ್ತಿದ್ದೆ. "ಎದ್ದೇಳು, ಮೊದಲ ಏನ್ ಬಂದೈತಿ ಓದು" ಅನ್ನುತ್ತಿದ್ದರು.

ಮರೆವು ಯಾವಾಗ ಶುರುವಾಯಿತೋ ಹೇಳಲಾರೆ. ಮೊದಮೊದಲು ನಾವು ನಕ್ಕೆವು, ಅವರೂ ನಕ್ಕರು. ಕನ್ನಡಕ ಹಣೆಯ ಮೇಲಿಟ್ಟುಕೊಂಡು ಹುಡುಕುವುದು ಯಾರಿಗಿಲ್ಲ? ಆಮೇಲೆ ಫೋನಿನಲ್ಲಿ "ಒಬ್ಬರಿಗೋ, ಎಲ್ಲಾರಿಗೋ?" ಎಂದು ಕೇಳಿ, ನಾನು ಹೇಳಿ, ಮತ್ತೆ ಅದನ್ನೇ ಕೇಳತೊಡಗಿದರು. ಗುಪ್ತಪದ ಹಾಕುವಾಗ ಬೆರಳು ನಿಂತುಬಿಡುತ್ತಿತ್ತು. ಒಂದು ದಿನ ನಡುಮನೆಯಲ್ಲಿ ನಿಂತು ಆ ಕಡೆ ಈ ಕಡೆ ನೋಡಿ, ಸರ್ವರು ಎಲ್ಲಿಟ್ಟೀರಿ ಎಂದು ಮೆಲ್ಲಗೆ ನನ್ನನ್ನು ಕೇಳಿದರು. ಅದು ಇದ್ದಲ್ಲೇ ಇತ್ತು. ಮುಂದೆ ನಡೆದು ಒಳಕೋಣೆಯ ಬಾಗಿಲು ತೆರೆದು ಕೊಟ್ಟೆ.

ಅದೇ ಹೊತ್ತಿಗೆ ಲ್ಯಾಬಿಗೆ ಹೊಸ ವ್ಯವಸ್ಥೆ ಬಂತು. ಈಗ ಎಲ್ಲ ಇಂಟರ್ನೆಟ್ಟಿನಲ್ಲಿ, ಸರ್ವರು ಯಾವ ಊರಿನಲ್ಲಿದೆಯೋ ನಮಗೆ ಗೊತ್ತಿಲ್ಲ, ಪೂಜೆಗೆ ಸಿಗುವುದೂ ಇಲ್ಲ. ಹಳೆಯ ಸರ್ವರನ್ನೂ ಹಳೆಯ ಪ್ರೋಗ್ರಾಮಿನ ಒಂದು ಕಂಪ್ಯೂಟರನ್ನೂ ಒಳಕೋಣೆಯಲ್ಲಿ ಉಳಿಸಿಕೊಂಡೆವು, ಯಾರಾದರೂ ಹಳೆಯ ರಿಪೋರ್ಟು ಕೇಳಿದರೆ ತೆಗೆದುಕೊಡಲು. ಇನ್ನು ನೀವು ದಣಿಯುವುದು ಬೇಡ ಎಂದು ಡಾಕ್ಟರು ಕಾಕಾನಿಗೆ ಶಾಲು ಹೊದಿಸಿದರು. ಹೊಗಳಿಕೆ ಎಂದರೆ ಜೀವ ಬಿಡುವ ಮನುಷ್ಯ ಆ ದಿನ ಶಾಲು ಹೊದ್ದುಕೊಂಡು ಮಂಕಾಗಿ ಕೂತಿದ್ದರು.

ಮುಂದಿನ ದಸರೆಯ ಮರುದಿನ ಅವರು ಬರಲಿಲ್ಲ. ಕೆಲವು ದಿನ ಕಳೆದು ಅವರ ಹೆಂಡತಿ ಬಂದರು, ಕೆಲಗೇರಿಯಿಂದ ಬಸ್ಸು ಬದಲಿಸಿಕೊಂಡು ಒಬ್ಬರೇ. ಹೋಳಿಗೆಯ ಡಬ್ಬಿ ನನ್ನ ಕೈಗಿಟ್ಟು, ಸಾಲು ಕರಗುವವರೆಗೂ ಬೆಂಚಿನ ತುದಿಯಲ್ಲಿ ಕೂತಿದ್ದರು. ಆಮೇಲೆ ಹತ್ತಿರ ಬಂದು, "ಯವ್ವಾ, ನಿನ್ನ ಕಡೆ ಒಂದು ಕೆಲಸ ಐತಿ" ಅಂದರು.

"ಹೇಳ್ರಿ ಕಾಕು."

"ಇಲ್ಲೆ ಏನರ ಒಂದು ಕೆಡಿಸಿ ಇಡ್ತೀಯೇನು?"

ನನಗೆ ತಿಳಿಯಲಿಲ್ಲ. ಅವರು ಸೆರಗಿನ ತುದಿ ತಿರುವುತ್ತ ಹೇಳಿದರು. "ದಿನಾ ಮುಂಜಾನೆ ಎದ್ದು ಇಸ್ತ್ರಿ ಅಂಗಿ ಹಾಕ್ಕೊಂಡು ಕುಂದರ್ತಾರ, ಫೋನ್ ಬರ್ತೈತಿ ಅಂತ. ಬರೂದಿಲ್ಲ. ಸಂಜೀಮುಂದ ಅಂಗಿ ಬಿಚ್ಚಿ ಗೂಟಕ್ಕ ಹಾಕ್ತಾರ. ಮಾತಿಲ್ಲ, ಕತಿ ಇಲ್ಲ. ನನ್ನ ಹೆಸರ ಮರೀಲಿ, ನನಗೇನ ಬ್ಯಾಸರಿಲ್ಲ. ಆದ್ರ ಕೈಲಾಗಲಾರದಂವ ಆದ್ನಿ ಅಂತ ಕುಂತಾರಲ್ಲ, ಅದನ್ನ ನೋಡಾಕ ಆಗವಲ್ತವ್ವಾ. ಒಂದಿನ ಅವರ ಕೈಲೆ ಏನರ ರಿಪೇರಿ ಆಗಲಿ. ಅಷ್ಟ ಆದ್ರ ಸಾಕು ನನಗ. ನೀವ ಬೇಕಂತ ಕೆಡಿಸೀರಿ ಅಂತ ಮಾತ್ರ ಅವರಿಗೆ ಗೊತ್ತಾಗಬಾರದು."

ಡಾಕ್ಟರನ್ನು ಕೇಳಿದೆ. ಹಳೇ ಮಷಿನ್ನು, ಯಾರಿಗೂ ತೊಂದರೆಯಿಲ್ಲ, ಏನು ಬೇಕೋ ಮಾಡು ಎಂದು ಅವರು ಕಣ್ಣು ತಪ್ಪಿಸಿದರು. ಮಧ್ಯಾಹ್ನ, ಮಂದಿ ಇಲ್ಲದ ಹೊತ್ತು ನೋಡಿ ಗೊತ್ತುಮಾಡಿಕೊಂಡೆವು. ಏನು ಕೆಡಿಸುವುದು ಎಂದು ಬಹಳ ಯೋಚಿಸಿದೆ. ಎಲ್ಲಕ್ಕಿಂತ ಹಗುರಾದದ್ದೇ ಇರಲಿ ಎಂದು ಸರ್ವರಿನ ಹಿಂದಿನ ನೆಟ್‌ವರ್ಕ್ ವಾಯರನ್ನು ಬಿಚ್ಚಿ, ಎಲ್ಲರಿಗೂ ಕಾಣುವಂತೆ ಇಳಿಬಿಟ್ಟೆ. ಆಮೇಲೆ ಕಾಕಾನಿಗೆ ಫೋನು ಮಾಡಿದೆ.

"ಒಬ್ಬರಿಗೋ, ಎಲ್ಲಾರಿಗೋ?"

ಆ ದನಿ ಕೇಳಿ ನನಗೆ ಅಳು ಒತ್ತರಿಸಿ ಬಂತು. ಹಳೆಯ ಪ್ರೋಗ್ರಾಮು ನಡೆಯುತ್ತಿಲ್ಲ ಎಂದೆ. ಬರುತ್ತೇನೆ ಅಂದರು.

ಇಬ್ಬರೂ ಬಂದರು. ಕಾಕಾನ ಅಂಗಿಗೆ ಗೆರೆಯಿರಲಿಲ್ಲ. ಕಾಕು ಒಳಗೆ ಬರಲಿಲ್ಲ, ಒಳಕೋಣೆಯ ಗಾಜಿನ ಬಾಗಿಲಿನಾಚೆ ಬೆಂಚಿನ ಮೇಲೆ ಕೂತು, ಒಳಗೆ ಕಾಣುವಂತೆ ಕುತ್ತಿಗೆ ಚಾಚಿಕೊಂಡು ನೋಡುತ್ತಿದ್ದರು. ಕಾಕಾ ಕಪ್ಪು ಪರದೆಯಲ್ಲಿ ಮುಖ ನೋಡಿ ತಲೆ ಬಾಚಿಕೊಂಡರು. ನಾನು ಚಹಾ ತರಲೇ ಎಂದರೆ, "ಕೆಲಸ ಆದಮ್ಯಾಲೆ" ಅಂದರು. ನಾನೂ ಕಾಕುವೂ ಗಾಜಿನ ಈಚೆ ಆಚೆ ಒಬ್ಬರನ್ನೊಬ್ಬರು ನೋಡಿ ನಕ್ಕೆವು. ಇನ್ನೇನು, ಕೆಲಸ ಆದ ಹಾಗೆಯೇ ಅಂದುಕೊಂಡೆ.

ಪ್ರೋಗ್ರಾಮು ತೆರೆದರು, ದೂರು ಬಂತು. ನನ್ನಿಂದ ಓದಿಸಲಿಲ್ಲ, ತಾವೇ ಗಟ್ಟಿಯಾಗಿ ಓದಿದರು, ಒಂದಕ್ಷರ ತಪ್ಪಿಲ್ಲ. ಆಮೇಲೆ ಕೈ ಕೀಲಿಮಣೆಯ ಮೇಲೆ ಹೋಗಿ ನಿಂತಿತು. ಏನೋ ಎರಡಕ್ಷರ ಒತ್ತಿ ಅಳಿಸಿದರು. ಮತ್ತೆ ಮೊದಲಿನಿಂದ ಓದಿದರು. ಮತ್ತೆ ಕೈ ನಿಂತಿತು. ಸರ್ವರು ಅವರ ಮೊಣಕಾಲಿನ ಪಕ್ಕದಲ್ಲೇ ಇತ್ತು, ವಾಯರು ಅವರ ಚಪ್ಪಲಿಯ ಮೇಲೆಯೇ ಬಿದ್ದಿತ್ತು. ಕೆಳಗೆ ನೋಡಿ ಕಾಕಾ, ಒಂದು ಸಲ ಕೆಳಗೆ ನೋಡಿ, ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವರು ನೋಡಿದರು ಕೂಡ. ವಾಯರನ್ನು ಕಾಲಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿ, ಮತ್ತೆ ಪರದೆಯನ್ನು ಓದತೊಡಗಿದರು.

ಎಷ್ಟು ಹೊತ್ತಾಯಿತೋ. ಅವರ ಕುತ್ತಿಗೆಯ ಬೆವರು ಕಾಲರಿಗೆ ಇಳಿಯುತ್ತಿತ್ತು. ಹೊರಗೆ ಕಾಕು ಮುಖ ಅರಳಿಸಿಕೊಂಡೇ ಕೂತಿದ್ದರು, ಅಲ್ಲಿಂದ ಅವರಿಗೆ ಕಾಣುತ್ತಿದ್ದುದು ಗಂಡನ ಬೆನ್ನು ಮಾತ್ರ.

"ತಂಗಿ, ಇಲ್ಲೆ ಬಾ" ಅಂದರು. ಬಗ್ಗಿದೆ. ಪರದೆಯಿಂದ ಕಣ್ಣು ಕೀಳದೆಯೇ ಹೇಳಿದರು.

"ನನಗ ತಿಳಿವಲ್ತು. ಮೊದಲ ಏನ್ ನೋಡತಿದ್ನಿ, ಅದೂ ನೆಪ್ಪಾಗವಲ್ತು."

"ಇರಲಿ ಬಿಡ್ರಿ ಕಾಕಾ. ಇವತ್ತ ದಣದೀರಿ, ನಾಳೆ ನೋಡಿದ್ರಾತು."

"ನಾಳೆ ಬ್ಯಾಡ. ನಿನಗ ಕಲಿಸೀನಲ್ಲ, ನೀ ಮಾಡು. ಅಕಿಗೆ ಮಾತ್ರ ಹೇಳಬ್ಯಾಡ. ಪಾಪ, ಭಾಳ ಆಶಾ ಇಟ್ಕೊಂಡು ಬಂದಾಳ. ನಾನ ಮಾಡೀನಿ ಅಂತ ಹೇಳು. ಹೇಳ್ತೀಯಲ್ಲ?"

ಹೂನ್ರಿ ಅಂದೆ. ಪೆನ್ನು ಬಿದ್ದಿತು ಎಂಬಂತೆ ಮೇಜಿನ ಕೆಳಗೆ ಬಗ್ಗಿ ವಾಯರು ಸಿಕ್ಕಿಸಿದೆ. ಕಣ್ಣು ಮಂಜಾಗಿ ತೂತು ಕಾಣಲಿಲ್ಲ, ಬೆರಳಿನಿಂದ ತಡಕಿ ಸಿಕ್ಕಿಸಬೇಕಾಯಿತು. ಎದ್ದು, "ಈಗ ಒತ್ರಿ ಕಾಕಾ" ಅಂದೆ. ಒತ್ತಿದರು. ಹಳೆಯ ರಿಪೋರ್ಟುಗಳು ಸಾಲಾಗಿ ಬಂದು ನಿಂತವು.

ಅವರು ಎದ್ದು, ಅಂಗಿ ಸರಿಮಾಡಿಕೊಂಡು, ಗಾಜಿನ ಬಾಗಿಲು ತೆರೆದು, "ಆತ ನೋಡು" ಅಂದರು. ಕಾಕು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ನಾನು, "ಕಾಕಾ ಬರಲಿಲ್ಲಂದ್ರ ಇವತ್ತ ನಮಗ ಗತಿ ಇರಲಿಲ್ಲರಿ" ಅಂದೆ. ಡಾಕ್ಟರು ತಾವೇ ಚಹಾ ತಂದು ಕೊಟ್ಟರು. ಕಾಕಾ ಅದನ್ನು ಪೂರ್ತಿ ಕುಡಿದರು, ಯಾರ ಮುಖವನ್ನೂ ನೋಡಲಿಲ್ಲ. ಹೋಗುವಾಗ ಕಾಕು ನನ್ನ ಕೆನ್ನೆ ನೇವರಿಸಿದರು.

ಆಮೇಲೆ ಅವರು ಲ್ಯಾಬಿಗೆ ಬರಲಿಲ್ಲ. ಫೋನಿನ ದಾರಿಯನ್ನೂ ಕಾಯುತ್ತಿಲ್ಲ, ನೆಮ್ಮದಿಯಿಂದ ಇದ್ದಾರೆ ಎಂದು ಕಾಕು ಒಮ್ಮೆ ಫೋನಿನಲ್ಲಿ ಹೇಳಿದರು. ಈ ಚಳಿಗಾಲದಲ್ಲಿ ಜ್ವರ ಬಂತು, ಎದೆಗೆ ಇಳಿಯಿತು, ಹೋದರು.

ಸುದ್ದಿ ತಿಳಿದು ಕೆಲಗೇರಿಗೆ ಹೋದೆ. ಮನೆಯ ತುಂಬ ಮಂದಿ. ಕಾಕು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಂದವರಿಗೆಲ್ಲ ಆ ಮಧ್ಯಾಹ್ನದ ಕತೆ ಹೇಳಿದರು. ಲ್ಯಾಬಿಗೆ ಲ್ಯಾಬೇ ನಿಂತುಹೋಗಿತ್ತಂತೆ, ಯಾರಿಂದಲೂ ಆಗಿರಲಿಲ್ಲವಂತೆ, ಇವರು ಹೋಗಿ ಕೂತದ್ದೇ ತಡ ಸರಿಯಾಯಿತಂತೆ. "ಹೌದಲ್ಲವ್ವಾ?" ಎಂದು ನನ್ನ ಕಡೆ ತಿರುಗುತ್ತಿದ್ದರು. ಹೌದ್ರಿ ಅನ್ನುತ್ತಿದ್ದೆ. ಬೇಕೆಂದೇ ಕೆಡಿಸಿದ್ದನ್ನು ಅವರು ಹೇಳಲಿಲ್ಲ. ನಾನೂ ಹೇಳಲಿಲ್ಲ.

ಮಂದಿ ಕರಗಿದ ಮೇಲೆ ನಾವಿಬ್ಬರೇ ಉಳಿದೆವು. ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು.

"ನಿನಗೊಂದು ಹೇಳಿಲ್ಲವ್ವಾ. ಅವತ್ತ ಮನಿಗೆ ಬಂದವರ ಸೀದಾ ಹಿತ್ತಲಕ್ಕ ಹೋದ್ರು. ಗ್ವಾಡಿಗೆ ಹಣಿ ಹಚ್ಚಿ ನಿಂತು ಅತ್ತರು, ಭಾಳ ಹೊತ್ತು. ಲಗ್ನ ಆದಾಗಿಂದ ಅವರು ಅತ್ತಿದ್ದ ನಾ ಕಂಡಿದ್ದಿಲ್ಲ. ಹೋಗಿ ಹಿಡಕೋಬೇಕು ಅನಿಸ್ತು. ಆದ್ರ ಹೋಗಲಿಲ್ಲ. ಖುಷೀಗೆ ಅಳಾಕತ್ತಾರ, ಅಳಲಿ ಅಂತ ಬಿಟ್ನಿ."

ಅವರ ಹಿಡಿತ ಬಿಗಿಯಾಯಿತು.

"ಖುಷೀಗೆ ಅಲ್ಲೇನವ್ವಾ?"

"ಖುಷೀಗೇರಿ ಕಾಕು" ಅಂದೆ. "ಅವರ ಕೈಲೇ ಆತಲ್ರಿ."